ಖಾಲಿ ಕೋವಿ

ಮೂರು ತಿಂಗಳಿಗೊಮ್ಮೆ ಓದುಗರೊಡನೆ ನಾಲ್ಕು ಮಾತನಾಡುವ ಈ ಪುಟಕ್ಕೆ ಬರುವ ಕಾಗದಗಳು ಸಾಮಾನ್ಯವಾಗಿ ಎರಡು ತೆರನವು. ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ, ಏನು ಮಾಡೋಣ ಎಂಬುದೊಂದು. ಊರಿನ ಹೊಲಮನೆಯ ಪಾಲಿನ ತೊಡಕು ಇನ್ನೊಂದು. ಕಳೆದ ಫೆಬ್ರುವರಿಯಲ್ಲಿ ಬಂದ ಒಂದು ಕಾಗದ ಈ ಎರಡಕ್ಕೂ ಸೇರದ್ದು. ಬರೆದವರು ಕೊಥ್ರೂಡಿನಲ್ಲಿರುವ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು. ಮೂಲ ಊರು ತೀರ್ಥಹಳ್ಳಿಯ ಕಡೆ. ಅವರ ಮಾತನ್ನೇ ಇಲ್ಲಿ ಕೊಡುತ್ತೇವೆ:

“ನಮ್ಮ ಯಜಮಾನರು ತೀರಿಕೊಂಡು ಒಂದು ವರ್ಷದ ಮೇಲಾಯಿತು. ಅವರ ತಂದೆಯ ಕಾಲದ ಜೋಡುನಳಿಗೆ ಕೋವಿಯೊಂದು ಮಲಗುವ ಕೋಣೆಯ ಕಪಾಟಿನ ಮೇಲೆ ಇದೆ. ತೋಟ ಮಾರಿ ಇಲ್ಲಿಗೆ ಬಂದಾಗ ಅದನ್ನೂ ತಂದಿದ್ದರು. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ತೋಟಾಗಳು ಎಲ್ಲಿವೆಯೋ ನನಗೆ ತಿಳಿಯದು. ಮೇ ತಿಂಗಳಲ್ಲಿ ಮೊಮ್ಮಕ್ಕಳಿಬ್ಬರು ಬರುತ್ತಾರೆ. ಖಾಲಿ ಕೋವಿ, ಅದಕ್ಕೇಕೆ ಹೆದರುತ್ತೀ ಎಂದು ಮಗ ಫೋನಿನಲ್ಲಿ ನಗುತ್ತಾನೆ. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತುವುದಿಲ್ಲ. ಏನು ಮಾಡಲಿ?”

ಈ ಕಾಗದಕ್ಕೆ ಅಂಚೆಯಲ್ಲಿ ಉತ್ತರ ಬರೆದು ಸುಮ್ಮನಾಗುವ ಹಾಗಿರಲಿಲ್ಲ. ನಮ್ಮ ಪರಿಚಯದ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಕೊಡಗಿನವರು, ಸೇನೆ ಬಿಟ್ಟ ಮೇಲೆ ಪುಣೆಯಲ್ಲೇ ನೆಲೆನಿಂತವರು. ಅವರನ್ನು ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಆ ಮನೆಗೆ ಹೋದೆವು. ಅಲ್ಲಿ ನಡೆದ ಹತ್ತು ನಿಮಿಷದ ಕೆಲಸವನ್ನು ಇದ್ದಂತೆಯೇ ಹೇಳುವುದು ಒಳ್ಳೆಯದು. ಏಕೆಂದರೆ ಮುಂದೆ ನಾವು ಹೇಳಬೇಕೆಂದಿರುವುದೆಲ್ಲ ಆ ಹತ್ತು ನಿಮಿಷದಲ್ಲೇ ಇದೆ.

ಕಾಫಿ ಆಮೇಲೆ ಕುಡಿಯೋಣ ಎಂದು ಸುಬೇದಾರರು ನೇರವಾಗಿ ಕೋಣೆಗೆ ಹೋದರು. ಆದರೆ ಕೋವಿಯನ್ನು ಮುಟ್ಟಲಿಲ್ಲ. ಮೊದಲು ಕೋಣೆಯ ನಾಲ್ಕೂ ಗೋಡೆಗಳನ್ನು ನೋಡಿದರು. “ಅಮ್ಮಾ, ಈ ಗೋಡೆಯ ಆಚೆ ಯಾರ ಮನೆ? ಕೆಳಗಿನ ಮಹಡಿಯಲ್ಲಿ ಯಾರಿದ್ದಾರೆ? ಮೇಲೆ?” ಎಂದು ಕೇಳಿದರು. ಆಚೆ ಒಂದು ಸಂಸಾರ, ಕೆಳಗೆ ಒಂದು ಸಂಸಾರ, ಮೇಲೆ ಮೂವರು ವಿದ್ಯಾರ್ಥಿಗಳು. ಹಳ್ಳಿಯ ಮನೆಯಾಗಿದ್ದರೆ ಅಂಗಳಕ್ಕಿಳಿದು ಮಣ್ಣಿನ ದಿಬ್ಬದ ಕಡೆ ನಳಿಗೆ ತಿರುಗಿಸಬಹುದಿತ್ತು. ನಗರದ ಫ್ಲ್ಯಾಟಿನಲ್ಲಿ ಯಾವ ದಿಕ್ಕಿಗೆ ತಿರುಗಿಸಿದರೂ ಯಾರದೋ ಸಂಸಾರ. ಕೊನೆಗೆ ಹೊರಗೋಡೆಯ ಮೂಲೆಯಲ್ಲಿದ್ದ ದಪ್ಪನೆಯ ಕಾಂಕ್ರೀಟ್ ಕಂಬವನ್ನು ಆರಿಸಿಕೊಂಡು, ನಮ್ಮೆಲ್ಲರನ್ನೂ ತಮ್ಮ ಬೆನ್ನ ಹಿಂದೆ ನಿಲ್ಲಿಸಿ, ಆಮೇಲೆ ಕೋವಿಯನ್ನು ಕೆಳಗಿಳಿಸಿದರು. ಬೆರಳು ಟ್ರಿಗರಿನ ಹತ್ತಿರಕ್ಕೂ ಹೋಗಲಿಲ್ಲ. ಮೇಲಿನ ಕೀಲನ್ನು ಒತ್ತಿ ಕೋವಿಯನ್ನು ಮುರಿದು ತೆರೆದರು. ಎರಡೂ ನಳಿಗೆಗಳಿಗೆ ಹಿಂದಿನಿಂದ ಕಿರುಬೆರಳು ಹಾಕಿ ತಡವಿದರು. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಆಮೇಲೆ “ಖಾಲಿ” ಎಂದರು.

“ನಾನು ಮೊದಲೇ ಹೇಳಿದೆನಲ್ಲ ಸುಬೇದಾರರೆ” ಎಂದರು ಆ ತಾಯಿಯವರು.

“ಹೌದಮ್ಮಾ, ನೀವು ಹೇಳಿದ್ದಿರಿ. ನಾನು ನೋಡಿರಲಿಲ್ಲ.”

ತೆರೆದ ಕೋವಿಯನ್ನು ಹಾಗೆಯೇ ನಮ್ಮ ಕಡೆಗೆ ಚಾಚಿ “ಈಗ ನೀವು ನೋಡಿ” ಎಂದರು. “ನೀವು ನೋಡಿದಿರಲ್ಲ” ಎಂದೆವು. “ನಾನು ನೋಡಿದೆ. ನೀವು ನೋಡಿಲ್ಲವಲ್ಲ” ಎಂದರು. ನಾವೂ ಬೆರಳು ಹಾಕಿ ನೋಡಿದೆವು.

ತೋಟಾಗಳನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಯಜಮಾನರ ಹಳೆಯ ಉಣ್ಣೆಯ ಕೋಟಿನ ಜೇಬಿನಲ್ಲಿ ಎರಡು, ಸೂಜಿ ದಾರ ಗುಂಡಿಗಳಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ ಏಳು. ಗುಂಡಿ ಹುಡುಕುವ ಯಾವ ಮಗುವಿನ ಕೈಗಾದರೂ ಸಿಗುವಂಥ ಜಾಗ. ಅವುಗಳ ಹಿತ್ತಾಳೆಯ ಹಿಂಬದಿಯಲ್ಲಿ ‘ಕೆ. ಎಫ್.’ ಎಂಬ ಎರಡು ಅಕ್ಷರಗಳ ಗುರುತು ಇತ್ತು. ಕಿರ್ಕಿ ಫ್ಯಾಕ್ಟರಿ ಎಂದು ಅರ್ಥ, ನಮ್ಮ ಖಡಕಿಯೇ. 1869ರಲ್ಲಿ ಅಲ್ಲಿ ಆರಂಭವಾದ ಮದ್ದುಗುಂಡಿನ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. 2021ರ ಅಕ್ಟೋಬರಿನಿಂದ ಅದು ಪುಣೆಯಲ್ಲೇ ಮುಖ್ಯ ಕಚೇರಿಯುಳ್ಳ ಮ್ಯೂನಿಷನ್ಸ್ ಇಂಡಿಯಾ ಎಂಬ ಸರಕಾರಿ ಕಂಪನಿಗೆ ಸೇರಿದೆ. ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ ಹಂದಿ ಅಟ್ಟಲು ಕೊಂಡಿದ್ದ ತೋಟಾಗಳು ಹುಟ್ಟಿದ ಊರಿಗೇ ಮರಳಿ ಬಂದು ಗುಂಡಿಯ ಡಬ್ಬಿಯಲ್ಲಿ ಕುಳಿತಿದ್ದವು.

ಇಷ್ಟು ಬರೆದು ಇಲ್ಲಿಗೇ ಬುದ್ಧಿವಾದ ಆರಂಭಿಸಬಹುದಿತ್ತು. ಆದರೆ ಬುದ್ಧಿವಾದ ಹೇಳುವವರಿಗೆ ಆ ಅಧಿಕಾರ ಎಲ್ಲಿಂದ ಬಂತೆಂದು ಕೇಳುವ ಹಕ್ಕು ಓದುಗರಿಗಿದೆ. ಆದ್ದರಿಂದ ಅರವತ್ತು ವರ್ಷಗಳಿಂದ ನಮ್ಮೊಳಗೇ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಹೇಳಿಬಿಡುತ್ತೇವೆ.

ನಮ್ಮದು ಶಿರಸಿಯ ಕಡೆಯ ಮನೆ. 1964ನೆಯ ಇಸವಿ, ಅಡಿಕೆ ಸುಲಿಯುವ ಕಾಲ. ನಮಗಾಗ ಒಂಬತ್ತು ವರ್ಷ. ಜಗಲಿಯ ಗೋಡೆಗೆ ದೊಡ್ಡಪ್ಪನ ಕೇಪಿನ ಕೋವಿ ತೂಗುಹಾಕಿರುತ್ತಿತ್ತು. ಈಗಿನವರಿಗೆ ತಿಳಿಯಲೆಂದು ಹೇಳುತ್ತೇವೆ: ಕೇಪಿನ ಕೋವಿಗೆ ತೋಟಾ ಇಲ್ಲ, ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ನಾರು ತುರುಕಿ, ಚರೆ ಹಾಕಿ, ಗಜದಿಂದ ಗಿಡಿಯುತ್ತಾರೆ. ಹಿಂಬದಿಯ ಸಣ್ಣ ಮೊಲೆಯ ಮೇಲೆ ಕೇಪು ಕೂರಿಸಿದರೆ, ಅದರ ಮೇಲೆ ಬಡಿತ ಬಿದ್ದಾಗ ಕಿಡಿ ಒಳಗಿಳಿದು ಮದ್ದು ಹೊತ್ತುತ್ತದೆ. ದೊಡ್ಡಪ್ಪ ರಾತ್ರಿ ಕಾವಲಿಗೆ ಈಡು ತುಂಬಿಕೊಂಡು ಹೋಗುತ್ತಿದ್ದ. ಹಂದಿ ಬರದಿದ್ದರೆ ಬೆಳಿಗ್ಗೆ ಕೇಪು ಮಾತ್ರ ತೆಗೆದು ಕೋವಿಯನ್ನು ಗೋಡೆಗೆ ತೂಗುತ್ತಿದ್ದ. ತುಂಬಿದ ಈಡನ್ನು ಹೊರತೆಗೆಯುವುದು ರಗಳೆಯ ಕೆಲಸ. ಕೇಪು ತೆಗೆದರೆ ಕೋವಿ ಖಾಲಿ ಎಂಬುದು ಮನೆಯವರೆಲ್ಲರ ತಿಳಿವಳಿಕೆ. ಕೇಪಿನ ಡಬ್ಬಿ ಅಲ್ಲೇ ಕಿಟಕಿಯ ಮೇಲೆ.

ಆ ಮಧ್ಯಾಹ್ನ ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ಹದಿಮೂರು ವರ್ಷದವಳು, ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದಳು. ನಾವು ಬೆಂಚು ಹತ್ತಿ ಕೋವಿ ಇಳಿಸಿದೆವು. “ಏ ಮಾಣಿ, ಅದ್ನ ಮುಟ್ಟಡ” ಎಂದಳು. “ಖಾಲಿ ಇದ್ದು ಅಕ್ಕಾ” ಎಂದೆವು. ದೊಡ್ಡವರು ಮಾಡುವಂತೆಯೇ ಒಂದು ಕೇಪು ಕೂರಿಸಿದೆವು. ಸದ್ದಾಗಲಿ, ಅಕ್ಕ ಬೆಚ್ಚಲಿ ಎಂಬ ಆಸೆ, ಅಷ್ಟೆ.

ಅಕ್ಕನ ಎಡಗೈಯ ಮೂರು ಬೆರಳುಗಳು ಹೋದವು. ಸುಲಿಯಲು ಕೈ ಚಾಚಿದ್ದಳು. ಅರ್ಧ ಮೊಳ ಈಚೆಗೆ ಬಾಗಿದ್ದರೆ ಈ ಬರಹದ ಕಥೆ ಬೇರೆಯಾಗುತ್ತಿತ್ತು. ಗಾಡಿಯಲ್ಲಿ ಶಿರಸಿಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರು. ಒಂದೂವರೆ ತಿಂಗಳಿಗೆ ಮನೆಗೆ ಬಂದಳು. ಅವಳ ಮದುವೆ ತಡವಾಯಿತು. ಕಾರಣವನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕೋವಿ ಮೊಳೆಯಿಂದ ಜಾರಿ ಬಿದ್ದು ತಾನಾಗಿ ಸಿಡಿಯಿತೆಂದು ಅಕ್ಕ ಎಲ್ಲರಿಗೂ ಹೇಳಿದಳು. ಆ ಮಾತನ್ನು ಅವಳು ಒಮ್ಮೆಯೂ ಬದಲಿಸಲಿಲ್ಲ. ದೊಡ್ಡಪ್ಪ, ತನ್ನ ಮೊಳೆ ಸಡಿಲವಾಗಿತ್ತೆಂದೇ ನಂಬಿ ಕೊರಗುತ್ತ ತೀರಿಕೊಂಡ. ನಾವು ಬಾಯಿ ಬಿಡಲಿಲ್ಲ.

ಇದನ್ನು ಬರೆಯಬಹುದೇ ಎಂದು ಕಳೆದ ತಿಂಗಳು ಅಕ್ಕನಿಗೆ ಫೋನು ಮಾಡಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರಿ. ಯಾರದೋ ಮನೆ ಮಕ್ಕಳಿಗೆ ಉಪಕಾರ ಆಗ್ತು” ಎಂದಳು.

ಮದ್ದುಗುಂಡು ಇದೆಯೆಂದು ತಿಳಿದಿರುವ ಕೋವಿಯನ್ನು ಜನ ಹೆದರಿಕೆಯಿಂದಲೇ ಮುಟ್ಟುತ್ತಾರೆ. ಅನಾಹುತ ಮಾಡುವುದು ಖಾಲಿಯೆಂದು ನಂಬಿದ ಕೋವಿ. ಅತಿ ಪರಿಚಯದಿಂದ ಅಸಡ್ಡೆ ಎಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ನಿಜ. ಆ ದಿನ ಜಗಲಿಯಲ್ಲಿ ಯಾರಾದರೂ ಗಜವನ್ನು ನಳಿಗೆಗೆ ಇಳಿಬಿಟ್ಟು ನೋಡಿದ್ದರೆ ಸಾಕಿತ್ತು. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುವುದೆಂದು ಗೀರು ಹಾಕಿಟ್ಟುಕೊಂಡರೆ, ಈಡು ಇರುವಾಗ ಆ ಗೀರು ನಳಿಗೆಯ ಬಾಯಿಂದ ಮೇಲೆಯೇ ನಿಲ್ಲುತ್ತದೆ. ಅರ್ಧ ನಿಮಿಷದ ಕೆಲಸ. ಆದರೆ ಅದು ಕೆಲಸವೆಂದು ನಮ್ಮ ಮನೆಯಲ್ಲಿ ಯಾರಿಗೂ ಯಾರೂ ಕಲಿಸಿರಲಿಲ್ಲ. ಕೋವಿಯ ಜೊತೆಗೆ ಲೈಸೆನ್ಸ್ ಬಂದಿತ್ತು, ಕಲಿಕೆ ಬಂದಿರಲಿಲ್ಲ.

ಈಗ ಕಾನೂನು ಆ ಕೊರತೆಯನ್ನು ತುಂಬಲು ನೋಡಿದೆ. ನಮ್ಮ ದೇಶದ ಶಸ್ತ್ರ ಕಾಯಿದೆ 1959ರದು. ಜಾರಿಗೆ ಬಂದದ್ದು 1962ರ ಅಕ್ಟೋಬರಿನಲ್ಲಿ. ಅದರ ಹಳೆಯ ನಿಯಮಗಳನ್ನು ತೆಗೆದು 2016ರ ಜುಲೈಯಲ್ಲಿ ಹೊಸ ಶಸ್ತ್ರ ನಿಯಮಗಳನ್ನು ತಂದರು. ಅವುಗಳ ಪ್ರಕಾರ ಲೈಸೆನ್ಸ್ ಬೇಡುವವನು ಕೋವಿ ಏಕೆ ಬೇಕೆಂದು ಹೇಳಿದರೆ ಸಾಲದು. ಅದನ್ನು ಹಿಡಿಯಲು ಕಲಿತಿದ್ದಾನೆಂಬ ತರಬೇತಿಯ ಪ್ರಮಾಣಪತ್ರವನ್ನೂ ತರಬೇಕು. ಆ ತರಬೇತಿಯಲ್ಲಿ ಕೋವಿಯನ್ನು ಹಿಡಿಯುವ, ಒಯ್ಯುವ ಕ್ರಮ, ಹಾರಿಸುವ ವಿಧಾನ, ಕೋವಿ ಮತ್ತು ತೋಟಾಗಳ ಜೋಪಾನ, ಮನೆಯಲ್ಲಿ ಭದ್ರವಾಗಿ ಇಡುವುದು, ಪ್ರಯಾಣದಲ್ಲಿ ಸಾಗಿಸುವುದು, ಅದರ ಯಂತ್ರದ ಪ್ರಾಥಮಿಕ ತಿಳಿವಳಿಕೆ ಇವೆಲ್ಲ ಸೇರಿವೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸರೇ ನಾಗರಿಕರಿಗೆ ಬಂದೂಕು ತರಬೇತಿಯ ಶಿಬಿರ ನಡೆಸುವುದುಂಟು. ಊರಲ್ಲಿ ತೋಟವಿದ್ದು ಬೆಳೆ ಕಾಯುವ ಲೈಸೆನ್ಸ್ ಇಟ್ಟುಕೊಂಡಿರುವ ಅಣ್ಣತಮ್ಮಂದಿರಿಗೆ ನಮ್ಮ ಓದುಗರು ಈ ವಿಷಯವನ್ನು ಬರೆದು ತಿಳಿಸಬೇಕು. ಹಳೆಯ ಲೈಸೆನ್ಸುದಾರರು “ನಾನು ಹುಟ್ಟಿದಾಗಿನಿಂದ ಕೋವಿ ನೋಡಿದ್ದೇನೆ” ಎನ್ನುತ್ತಾರೆ. ನಮ್ಮ ದೊಡ್ಡಪ್ಪನೂ ನೋಡಿದ್ದ.

ತರಬೇತಿಯಲ್ಲಿ ಕಲಿಸುವುದು ದೊಡ್ಡ ವಿದ್ಯೆಯೇನಲ್ಲ. ಸುಬೇದಾರರು ಕಾಫಿ ಕುಡಿಯುತ್ತ ನಾಲ್ಕು ಮಾತಿನಲ್ಲಿ ಮುಗಿಸಿದರು. ಒಂದು: ಪ್ರತಿಯೊಂದು ಕೋವಿಯೂ ತುಂಬಿದೆಯೆಂದೇ ತಿಳಿ, ನೀನೇ ತೆರೆದು ನೋಡುವವರೆಗೆ. ಎರಡು: ಯಾವುದನ್ನು ಕಳೆದುಕೊಳ್ಳಲು ಸಿದ್ಧನಿಲ್ಲವೋ ಅದರ ಕಡೆಗೆ ನಳಿಗೆ ತಿರುಗಿಸಬೇಡ. ಮೂರು: ಗುರಿ ಕಣ್ಣಿಗೆ ಬಿದ್ದು ಮನಸ್ಸು ನಿರ್ಧರಿಸುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ. ನಾಲ್ಕು: ಗುರಿಯನ್ನೂ ನೋಡು, ಗುರಿಯ ಹಿಂದೆ ಏನಿದೆಯೆಂಬುದನ್ನೂ ನೋಡು. “ಒಂದನ್ನು ಮರೆತರೂ ಉಳಿದ ಮೂರು ಕಾಪಾಡುತ್ತವೆ. ಎರಡನ್ನು ಮರೆತರೆ ದೇವರೇ ಕಾಪಾಡಬೇಕು” ಎಂದರು.

ಈ ನಾಲ್ಕರ ಹಿಂದೆ ಇನ್ನಷ್ಟು ವಿವರಗಳಿವೆ, ತಿಳಿದಿರುವುದು ಒಳ್ಳೆಯದು. ಹನ್ನೆರಡು ಬೋರಿನ ಕೋವಿ ಎನ್ನುತ್ತಾರಲ್ಲ, ಒಂದು ಪೌಂಡು ಸೀಸವನ್ನು 12 ಸಮನಾದ ಗುಂಡುಗಳಾಗಿ ಮಾಡಿದರೆ ಒಂದೊಂದು ಗುಂಡಿನ ಗಾತ್ರ ಎಷ್ಟೋ ಅಷ್ಟು ಅಗಲದ ನಳಿಗೆ ಎಂದು ಅದರ ಅರ್ಥ. ಸುಮಾರು ಹದಿನೆಂಟೂವರೆ ಮಿಲಿಮೀಟರು. ಇದೇ ಲೆಕ್ಕದಲ್ಲಿ ಇಪ್ಪತ್ತು ಬೋರು ಅದಕ್ಕಿಂತ ಕಿರಿದು. ಗಡಿಬಿಡಿಯಲ್ಲಿ ಇಪ್ಪತ್ತರ ತೋಟಾವನ್ನು ಹನ್ನೆರಡರ ಕೋವಿಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ; ಹಿಂದಿನಿಂದ ನೋಡಿದವನಿಗೆ ಕೋವಿ ಖಾಲಿ ಕಾಣುತ್ತದೆ. ಅವನು ಹನ್ನೆರಡರ ತೋಟಾ ಹಾಕಿ ಹಾರಿಸಿದರೆ ನಳಿಗೆಯೇ ಒಡೆದು, ಅದನ್ನು ಹಿಡಿದ ಕೈಗೆ ಬರುತ್ತದೆ. ಇಪ್ಪತ್ತು ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದಕ್ಕಾಗಿಯೇ. ನಳಿಗೆಯೊಳಗೆ ಕೆಸರು, ಒರೆಸುವ ಬಟ್ಟೆಯ ಚೂರು, ಮಳೆಗಾಲದಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಇದ್ದರೂ ಇದೇ ಗತಿ. ಆದ್ದರಿಂದ ಹೊರಡುವ ಮೊದಲು ಕೋವಿ ತೆರೆದು, ನಳಿಗೆಯ ತುದಿಯವರೆಗೂ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು.

ಟ್ರಿಗರ್ ಎಳೆದೂ ಈಡು ಹಾರದಿದ್ದರೆ ಅವಸರದಿಂದ ತೆರೆಯಬಾರದು. ನಳಿಗೆಯನ್ನು ಅದೇ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾಯಬೇಕು. ಮದ್ದು ತಡವಾಗಿ ಹೊತ್ತುವುದುಂಟು. ಬೇಲಿ ದಾಟುವಾಗ, ಸಂಕ ದಾಟುವಾಗ, ಮರ ಹತ್ತುವಾಗ ತೋಟಾ ತೆಗೆದಿರಬೇಕು. ಇಬ್ಬರಿದ್ದರೆ ತೆರೆದ ಕೋವಿಯನ್ನು ಒಬ್ಬರ ಕೈಗೆ ಕೊಟ್ಟು ಇನ್ನೊಬ್ಬರು ದಾಟಬೇಕು. ಚರೆ ಹತ್ತಿರದಲ್ಲೇ ಬಿದ್ದುಹೋಗುತ್ತದೆಂಬ ಭಾವನೆ ತಪ್ಪು. ಹಕ್ಕಿಗೆ ಹೊಡೆಯುವ 6ನೆಯ ನಂಬರಿನ ಸಣ್ಣ ಚರೆಯೂ ಇನ್ನೂರು ಮೀಟರಿನಾಚೆ ಹೋಗಬಲ್ಲದು, ಎಸ್. ಜಿ. ಎಂಬ ದಪ್ಪ ಚರೆ ಅರ್ಧ ಕಿಲೋಮೀಟರನ್ನೂ ಮೀರುತ್ತದೆ. ಆಟದ ಸಾಮಾನಿನಂತೆ ಕಾಣುವ.22 ರೈಫಲಿನ ಗುಂಡು ಒಂದೂವರೆ ಕಿಲೋಮೀಟರು ಹಾರಬಲ್ಲದು. ಕೋಥ್ರೂಡಿನ ಒಂದು ಬಾಲ್ಕನಿಯಿಂದ ಅಷ್ಟು ದೂರದೊಳಗೆ ಎಷ್ಟು ಸಾವಿರ ಜನರಿದ್ದಾರೆಂದು ಓದುಗರೇ ಯೋಚಿಸಲಿ.

ಮದುವೆ ಮೆರವಣಿಗೆಗಳಲ್ಲಿ ಹರ್ಷಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸುವ ಚಾಳಿ ಕೆಲವು ಕಡೆ ಇದೆ. ಮೇಲೆ ಹೋದದ್ದು ಕೆಳಗೆ ಬರಲೇಬೇಕು. ಇತರರ ಜೀವಕ್ಕೆ ಅಪಾಯವಾಗುವಂತೆ ಹೀಗೆ ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ಅದೇ ತಿದ್ದುಪಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿಸಿತು.

ಇಲ್ಲಿ ಯಾರಾದರೂ ಕೇಳಬಹುದು: ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ಅವರ ಮಾತೇನು? ನಾವೂ ಸುಬೇದಾರರನ್ನು ಕೇಳಿದೆವು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿ 1861ರಷ್ಟು ಹಳೆಯದು. ಕೇಂದ್ರ ಸರಕಾರ 2019ರ ಅಕ್ಟೋಬರಿನಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಸಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿ ಕತ್ತಿಗಳನ್ನು ತೊಳೆದು ಒರೆಸಿ ದೇವರ ಕೋಣೆಯಲ್ಲಿಟ್ಟು, ತೋಕ್‌ಪೂ ಎಂಬ ಕೆಂಪು ಹಳದಿ ಹೂವನ್ನು ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ.

“ಪೂಜೆಯ ದಿನ ಅಜ್ಜ ಮೊದಲು ಮಾಡುತ್ತಿದ್ದುದು ಏನು ಗೊತ್ತೇ? ಕೋವಿಯನ್ನು ತೆರೆದು ತಾನು ನೋಡಿ, ಮನೆಯ ಗಂಡಸರು ಹೆಂಗಸರು ಎಲ್ಲರಿಗೂ ತೋರಿಸುತ್ತಿದ್ದರು. ಹೂವು ಆಮೇಲೆ. ಲೈಸೆನ್ಸ್ ಬೇಡವೆಂದು ಸರಕಾರ ಹೇಳಿದೆ, ಕಲಿಯುವುದು ಬೇಡವೆಂದು ಯಾರೂ ಹೇಳಿಲ್ಲ” ಎಂದರು ಸುಬೇದಾರರು. ಗೌರವವೆಂದರೆ ಇದೇ ಎಂದು ನಮಗೆ ತೋರಿತು. ನಮ್ಮ ಜಗಲಿಯ ಕೋವಿಗೂ ಆಯುಧಪೂಜೆಯಂದು ಕುಂಕುಮ ಹಚ್ಚುತ್ತಿದ್ದರು. ತೆರೆದು ನೋಡಿದವರಿರಲಿಲ್ಲ.

ಇನ್ನು ಬೇಟೆಯ ಮಾತು. ಹಿಂದಿನವರ ಬೇಟೆಯ ಕಥೆಗಳನ್ನು ಕೇಳಿ ಬೆಳೆದವರು ನಾವೆಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಮೋಜಿನ ಬೇಟೆಗೆ ಈ ದೇಶದಲ್ಲಿ ಎಡೆಯಿಲ್ಲ. ಬೆಳೆ ಹಾಳುಮಾಡುವ ಪ್ರಾಣಿಯ ಮಾತಾದರೂ ಅರಣ್ಯಾಧಿಕಾರಿಗಳ ಲಿಖಿತ ಅಪ್ಪಣೆ ಇರಬೇಕು. ಹೀಗಿದ್ದೂ ಮಲೆನಾಡಿನಿಂದ ಕೊಡಗಿನಿಂದ ಒಂದೇ ಬಗೆಯ ಸುದ್ದಿ ಆಗಾಗ ಬರುತ್ತದೆ: ಇರುಳಿನಲ್ಲಿ ಪೊದೆ ಅಲುಗಾಡಿತು, ಹಂದಿಯೆಂದು ಹೊಡೆದರು, ಬಿದ್ದವನು ಜೊತೆಗೆ ಹೋದ ಗೆಳೆಯ. ಕಾನೂನು ಮುರಿದ ತಪ್ಪು ಒಂದು ಕಡೆಗಿರಲಿ. ಹೊಡೆದವನು ಸುಬೇದಾರರ ನಾಲ್ಕನೆಯ ಮಾತನ್ನು ಮರೆತಿದ್ದ. ಅಲುಗಾಡುವ ಪೊದೆ ಗುರಿಯಲ್ಲ. ಕಣ್ಣಿಗೆ ಪೂರ್ತಿ ಕಂಡದ್ದು ಮಾತ್ರ ಗುರಿ. ಎರಡು ಮನೆಗಳು ಒಮ್ಮೆಗೇ ಹಾಳಾಗುತ್ತವೆ: ಒಂದರಲ್ಲಿ ಸೂತಕ, ಇನ್ನೊಂದರಲ್ಲಿ ಸೆರೆಮನೆ.

ಕೋವಿಯೆಂದರೆ ಬರೀ ಅಪಾಯ ಎಂಬ ಅರ್ಥದಲ್ಲಿ ನಾವು ಬರೆಯುತ್ತಿಲ್ಲ. ನಮ್ಮ ಊರಿನ ಬಾಲೇವಾಡಿಗೆ ಹೋಗಿ ನೋಡಿ. ಶ್ರೀ ಶಿವಛತ್ರಪತಿ ಕ್ರೀಡಾಸಂಕುಲದಲ್ಲಿ 2008ರ ಕಾಮನ್‌ವೆಲ್ತ್ ಯುವ ಕ್ರೀಡೆಗಳು ನಡೆದವು. ಅಲ್ಲಿಯ ಶೂಟಿಂಗ್ ರೇಂಜಿನಲ್ಲಿ ಇಂದು ಎಷ್ಟೋ ಮಕ್ಕಳು ಗುರಿ ಕಲಿಯುತ್ತಿದ್ದಾರೆ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಲಾಪುರ ಜಿಲ್ಲೆಯ ಹುಡುಗ, ಆಗ ಪುಣೆಯಲ್ಲಿ ರೈಲ್ವೆಯ ನೌಕರರಾಗಿದ್ದವರು, ಬಾಲೇವಾಡಿಯಲ್ಲೇ ಪಳಗಿದವರು. ನಮ್ಮ ಸದಸ್ಯರೊಬ್ಬರ ಮಗಳೂ ಅಲ್ಲಿಗೆ ಹೋಗುತ್ತಾಳೆ. ಒಂದು ಸಂಜೆ ಅವಳ ಜೊತೆ ಹೋಗಿ ಕುಳಿತಿದ್ದೆವು. ಹತ್ತು ಮೀಟರಿನ ಏರ್ ರೈಫಲ್, ನಾಲ್ಕೂವರೆ ಮಿಲಿಮೀಟರಿನ ಸೀಸದ ಕಾಳು. ಆದರೂ ಶಿಸ್ತು ತೋಪಿನದು. ಹಾರಿಸದಿರುವಾಗ ಪ್ರತಿಯೊಂದು ರೈಫಲಿನೊಳಗೂ ಕಣ್ಣಿಗೆ ಹೊಡೆಯುವ ಬಣ್ಣದ ಒಂದು ದಾರ ತೂರಿಸಿಟ್ಟಿರುತ್ತಾರೆ. ದಾರ ಕಂಡರೆ ಒಳಗೆ ಕಾಳಿಲ್ಲವೆಂದು ದೂರದಿಂದಲೇ ಎಲ್ಲರಿಗೂ ತಿಳಿಯುತ್ತದೆ. ಯಾರ ಮಾತನ್ನೂ ನಂಬಬೇಕಾಗಿಲ್ಲ. ‘ನಿಲ್ಲಿಸಿ’ ಎಂಬ ಒಂದು ಕೂಗಿಗೆ ಹತ್ತು ಮಕ್ಕಳ ಬೆರಳು ಒಟ್ಟಿಗೆ ಹಿಂದಕ್ಕೆ ಬಂದವು.

ಆ ಹುಡುಗಿಗೆ ಹನ್ನೆರಡು ವರ್ಷ. “ಅಜ್ಜಾ, ನೀವು ಗೆರೆಯ ಹಿಂದೆ ಕುಳಿತುಕೊಳ್ಳಿ” ಎಂದು ನಮಗೇ ಅಪ್ಪಣೆ ಮಾಡಿದಳು. ನಮಗೆ ಒಂಬತ್ತು ವರ್ಷವಾಗಿದ್ದಾಗ ಇಷ್ಟನ್ನು ಯಾರಾದರೂ ಕಲಿಸಿದ್ದರೆ ಎಂದು ಮನಸ್ಸು ಎಲ್ಲಿಗೋ ಹೋಯಿತು. ಇರಲಿ.

ಇನ್ನೊಂದು ಮಾತನ್ನು ಗೃಹಿಣಿಯರಿಗಾಗಿ ಒತ್ತಿ ಹೇಳಬೇಕು. ಲೈಸೆನ್ಸ್ ಒಬ್ಬರ ಹೆಸರಿನಲ್ಲಿರುತ್ತದೆ. ಕೋವಿ ಇರುವುದು ಎಲ್ಲರ ಮನೆಯಲ್ಲಿ. ಕೊಥ್ರೂಡಿನ ತಾಯಿಯವರು ನಲವತ್ತು ವರ್ಷ ಆ ಕೋವಿಯ ಕೆಳಗೆ ಮಲಗಿದ್ದರು. ಅದನ್ನು ತೆರೆಯುವುದು ಹೇಗೆಂದು ಯಾರೂ ಅವರಿಗೆ ತೋರಿಸಿರಲಿಲ್ಲ. ಕೋವಿಯಿರುವ ಮನೆಯ ಹೆಂಗಸರು ಮೂರು ವಿಷಯ ಕೇಳಿ ತಿಳಿದಿರಬೇಕು: ಕೋವಿ ಎಲ್ಲಿ ಬೀಗದೊಳಗಿದೆ, ತೋಟಾ ಎಲ್ಲಿ ಬೇರೆ ಬೀಗದೊಳಗಿದೆ, ಲೈಸೆನ್ಸಿನ ಕಾಗದ ಎಲ್ಲಿದೆ. ಕಪಾಟಿನ ಮೇಲಿಡುವುದು, ಹಾಸಿಗೆಯ ಕೆಳಗಿಡುವುದು ಬಚ್ಚಿಟ್ಟಂತಲ್ಲ. ಮಕ್ಕಳಿಗೆ ತಿಳಿಯದ ಜಾಗ ಮನೆಯಲ್ಲಿ ಯಾವುದೂ ಇಲ್ಲ. ಮಕ್ಕಳಿಗೂ ಒಂದು ಪಾಠ ಹೇಳಿಕೊಡಿ: ಎಲ್ಲಿಯೇ ಕೋವಿ ಕಂಡರೂ ಮುಟ್ಟಬೇಡ, ಅಲ್ಲಿಂದ ಈಚೆಗೆ ಬಾ, ದೊಡ್ಡವರನ್ನು ಕರೆ.

ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ನೆನಪಿಗೆಂದು ಹಾಗೆಯೇ ಇಟ್ಟುಕೊಳ್ಳುವುದು ಕಾನೂನಿಗೆ ಒಪ್ಪಿಗೆಯಿಲ್ಲ. ತಡಮಾಡದೆ ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಹೊಂದಿದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ವಾರಸುದಾರರಿಗೆ ಬೇಕಿದ್ದರೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಲೈಸೆನ್ಸುದಾರನಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವನಲ್ಲಿ 25 ವರ್ಷ ಇದ್ದಾಗ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸಬಹುದು. ವಯಸ್ಸಾದವರು ಇದನ್ನು ಉಯಿಲಿನಷ್ಟೇ ಮುಖ್ಯವೆಂದು ತಿಳಿದು ಮಾಡಿ ಮುಗಿಸಲಿ. ಠಾಣೆಗೆ ಹೋಗುವಾಗ ಕೋವಿಯನ್ನು ಚೀಲದಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತಬೇಡಿ. ಮೊದಲು ಲೈಸೆನ್ಸ್ ಮತ್ತು ಮರಣಪತ್ರದೊಡನೆ ಕೈಬೀಸಿಕೊಂಡು ಹೋಗಿ, ಅರ್ಜಿ ಕೊಟ್ಟು, ಹೇಗೆ ತರಬೇಕೆಂದು ಕೇಳಿ. ಒಪ್ಪಿಸಿದ ಮೇಲೆ ರಸೀದಿ ಪಡೆಯಿರಿ. ತೋಟಾಗಳನ್ನು ಎಣಿಸಿ ಒಪ್ಪಿಸಿ.

ಕೊಥ್ರೂಡಿನ ತಾಯಿಯವರು ಹಾಗೆಯೇ ಮಾಡಿದರು. ಮಗ ತರಬೇತಿ ಪಡೆದು ಲೈಸೆನ್ಸ್ ಮಾಡಿಸುವುದಾದರೆ ಮಾಡಿಸಲಿ, ಅಲ್ಲಿಯವರೆಗೆ ಅದು ಮನೆಯಲ್ಲಿ ಬೇಡವೆಂದರು. ಮಾರ್ಚ್ ಮುಗಿಯುವುದರೊಳಗೆ ಕೋವಿಯೂ ಒಂಬತ್ತು ತೋಟಾಗಳೂ ಠೇವಣಿಯಾದವು. ಕಪಾಟಿನ ಮೇಲೆ ಆ ಜಾಗದಲ್ಲಿ ಹಪ್ಪಳದ ಡಬ್ಬಿ ಇಟ್ಟರು.

ಈ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಅವರಿಂದ ಇನ್ನೊಂದು ಕಾಗದ ಬಂತು. ಮೊಮ್ಮಕ್ಕಳು ಬಂದು ಹೋದರಂತೆ. ಬಂದ ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಕಿರಿಯವನು ಸ್ಟೂಲಿನ ಮೇಲೆ ಕುರ್ಚಿ ಇಟ್ಟು ಹತ್ತಿ ಕಪಾಟಿನ ಮೇಲೆ ಕೈಹಾಕಿದ್ದನಂತೆ. ಹಪ್ಪಳವೆಲ್ಲ ಕೋಣೆಯ ತುಂಬ ಪುಡಿಪುಡಿ.

“ನಾನು ಬೈಯಲಿಲ್ಲ” ಎಂದು ಬರೆದಿದ್ದಾರೆ. “ಗುಡಿಸಿದೆ.”